ಎಂಆರ್‌ಐ ನಾರ್ಮಲ್, ಆದರೆ ಜಿಎಡಿ (ಬಿಡದೆ ಕಾಡುವ ಆತಂಕದ ಕಾಯಿಲೆ) ಅಂತಾರೆ. ಹಾಗಾದರೆ ಮಿದುಳಲ್ಲಿ ನಡೆಯುತ್ತಿರುವುದೇನು?

ಹುಬ್ಬಳ್ಳಿ ಲೆಕ್ಕಿಗ

ನಮಸ್ಕಾರ. ವಯಸ್ಸು 36, ಅಕೌಂಟ್ಸ್ ಕೆಲಸ. ಸುಮಾರು ಒಂದು ವರ್ಷದಿಂದ ಕತ್ತು, ಭುಜ ಬಿಗಿ. ನಡುರಾತ್ರಿ ಎಚ್ಚರ ಆದರೆ ಮುಗಿಯಿತು. ಜಿಎಸ್‌ಟಿ ರಿಟರ್ನ್‌ನಲ್ಲಿ ತಪ್ಪಾಗಿದ್ದರೆ? ಅಪ್ಪನ ಶುಗರ್ ಏರಿದ್ದರೆ? ಮಗಳ ಸ್ಕೂಲ್ ವ್ಯಾನ್ ಡ್ರೈವರ್ ಫೋನ್ ನೋಡ್ತಾ ಓಡಿಸಿದರೆ? ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ರೆಡಿ. ತಲೆಯಲ್ಲಿ ಗಡ್ಡೆ ಇರಬೇಕು ಅಂತ ಹಟ ಹಿಡಿದು ಎಂಆರ್‌ಐ ಮಾಡಿಸಿದೆ. ನಾರ್ಮಲ್ ಬಂತು. ನರದ ಡಾಕ್ಟರು ಮನೋವೈದ್ಯರ ಹತ್ತಿರ ಕಳಿಸಿದರು. ಅವರು ನಿಧಾನವಾಗಿ ಮಾತಾಡಿಸಿ, ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್, ಜಿಎಡಿ ಅಂತ ಚೀಟಿಯಲ್ಲಿ ಬರೆದರು. ಮಾತ್ರೆ ತಂದಿಟ್ಟಿದ್ದೇನೆ, ಶುರು ಮಾಡಿಲ್ಲ.

ತಲೆ ಕೊರೆಯುತ್ತಿರುವುದು ಇದು. ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದಮೇಲೆ ಕಾಯಿಲೆ ಎಲ್ಲಿದೆ? ನೆಟ್‌ನಲ್ಲಿ ನೋಡಿದರೆ ‘ಆತಂಕದ ಮಿದುಳು’ ಅಂತ ಕೆಂಪಗೆ ಉರಿಯುವ ಚಿತ್ರ ಹಾಕಿರುತ್ತಾರೆ. ನನ್ನದರಲ್ಲಿ ಅದು ಯಾಕೆ ಕಾಣಲಿಲ್ಲ? ನಮ್ಮ ಕಡೆ ಒಂದು ಸೆಂಟರ್‌ನವರು ‘ಬ್ರೇನ್ ಮ್ಯಾಪಿಂಗ್’ ಮಾಡಿ ತೋರಿಸುತ್ತೇವೆ, ₹12,000 ಅಂದರು. ಮಾಡಿಸಲಾ? ನನ್ನ ಭಾವಮೈದುನ ‘ಎಲ್ಲಾ ನಿಮ್ಮ ಮನಸ್ಸಿನ ಆಟ ಭಾವ’ ಅಂತ ನಗುತ್ತಾನೆ. ಅವನ ಮುಖಕ್ಕೆ ಹಿಡಿಯೋಕೆ ಒಂದು ಚಿತ್ರ ಸಿಕ್ಕರೂ ಸಾಕು ಅನ್ನಿಸಿಬಿಟ್ಟಿದೆ.

ಅರಸೀಕೆರೆ ಜಂಕ್ಷನ್

ಚಿತ್ರನೇ ಬೇಕಾದರೆ ನನ್ನ ತಮ್ಮ ಫೋಟೋಶಾಪ್‌ನಲ್ಲಿ ಕೆಂಪು ಹಚ್ಚಿಕೊಡ್ತಾನೆ ಗುರು, ₹200ಕ್ಕೆ. ತಮಾಷೆ ಬಿಡಿ. ಗೊತ್ತಿರೋರು ಹೇಳಿ, ನನಗೂ ಕುತೂಹಲ.

ಸ್ಕ್ಯಾನ್ ರೂಮಿನವಳು

ನಾನು ಮಿದುಳಿನ ಇಮೇಜಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ, ಹಾಗಾಗಿ ಮಾತ್ರೆ ವಿಷಯ ನನ್ನನ್ನು ಕೇಳಬೇಡಿ.

ಜಂಕ್ಷನ್ ಅವರ ತಮಾಷೆ ನಿಜಕ್ಕೆ ಹತ್ತಿರವೇ ಇದೆ. ಆ ಕೆಂಪು ಬಣ್ಣ ಕಂಪ್ಯೂಟರ್ ಹಚ್ಚಿದ್ದು. ಲೆಕ್ಕಿಗರು ಮಾಡಿಸಿದ್ದು ಮಿದುಳಿನ ಆಕಾರ ತೋರಿಸುವ ಎಂಆರ್‌ಐ. ಗಡ್ಡೆ, ರಕ್ತಸ್ರಾವ, ಸವೆತ ಇದ್ದರೆ ಅದರಲ್ಲಿ ಕಾಣುತ್ತದೆ. ನೆಟ್‌ನ ಚಿತ್ರ ಫಂಕ್ಷನಲ್ ಎಂಆರ್‌ಐನದು. ಮಷೀನ್ ಅದೇ, ಅಳೆಯುವುದು ಬೇರೆ. ರಕ್ತದಲ್ಲಿ ಆಮ್ಲಜನಕ ಹೆಚ್ಚು ಕಡಿಮೆಯಾದರೆ ಎಂಆರ್‌ಐ ಸಿಗ್ನಲ್ ಬದಲಾಗುತ್ತದೆ ಅಂತ 1990ರಲ್ಲಿ ಸೈಜಿ ಒಗಾವ ಮತ್ತು ಜೊತೆಯವರು ತೋರಿಸಿದರು. ಮಿದುಳಿನ ಒಂದು ಜಾಗ ಜಾಸ್ತಿ ಕೆಲಸ ಮಾಡಿದರೆ, ಕೆಲವು ಸೆಕೆಂಡು ತಡವಾಗಿ ಅಲ್ಲಿಗೆ ಹೊಸ ರಕ್ತ ನುಗ್ಗುತ್ತದೆ. ನಾವು ನೋಡುವುದು ಆ ರಕ್ತದ ಏರಿಳಿತ. ನರಕೋಶವನ್ನು ನೇರವಾಗಿ ನೋಡುತ್ತಿಲ್ಲ, ಯೋಚನೆಯನ್ನಂತೂ ಮೊದಲೇ ಇಲ್ಲ.

ಈ ಏರಿಳಿತ ತುಂಬ ಚಿಕ್ಕದು. ಒಬ್ಬರನ್ನು ಒಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ಕೆಲಸ ಹತ್ತಾರು ಸಲ ಮಾಡಿಸಿ, ಹತ್ತಾರು ಜನರದ್ದು ಸೇರಿಸಿ, ಇನ್ನೊಂದು ಗುಂಪಿನ ಜೊತೆ ಹೋಲಿಸಿದಾಗ ‘ಇಲ್ಲಿ ಸರಾಸರಿ ವ್ಯತ್ಯಾಸ ಇದೆ’ ಅಂತ ಗೊತ್ತಾಗುತ್ತದೆ. ಆ ಜಾಗಕ್ಕೆ ಬಣ್ಣ ಹಚ್ಚುತ್ತೇವೆ. ಗಂಡಸರ ಸರಾಸರಿ ಎತ್ತರ ಹೆಂಗಸರದ್ದಕ್ಕಿಂತ ಜಾಸ್ತಿ ಅಲ್ವಾ? ಹಾಗಂತ ‘5 ಅಡಿ 5 ಇಂಚು’ ಅಂತ ಬರೆದ ಒಂದು ಚೀಟಿ ನೋಡಿ ಅದು ಗಂಡಸಿನದೋ ಹೆಂಗಸಿನದೋ ಹೇಳೋಕೆ ಆಗುತ್ತಾ? ಜಿಎಡಿ ಸ್ಕ್ಯಾನ್ ಕಥೆಯೂ ಅಷ್ಟೇ.

ಇನ್ನೊಂದು ಹೇಳಿಬಿಡುತ್ತೇನೆ, ನಮ್ಮ ಲ್ಯಾಬಿಗೆ ಯಾರು ಹೊಸದಾಗಿ ಸೇರಿದರೂ ಮೊದಲು ಇದನ್ನೇ ಹೇಳುತ್ತೇವೆ. 2009ರಲ್ಲಿ ಕ್ರೇಗ್ ಬೆನೆಟ್ ಅನ್ನುವವರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್ ಒಳಗೆ ಇಟ್ಟು, ಅದಕ್ಕೆ ಜನರ ಫೋಟೋ ತೋರಿಸಿ, ‘ಇವರಿಗೆ ಏನನ್ನಿಸುತ್ತಿದೆ ಹೇಳು’ ಅಂತ ಕೇಳಿದರು. ಆಕಸ್ಮಿಕವಾಗಿ ಬರುವ ಸಿಗ್ನಲ್ ಕಳೆಯುವ ತಿದ್ದುಪಡಿಯನ್ನು ಲೆಕ್ಕದಲ್ಲಿ ಮಾಡದಿದ್ದರೆ ಸತ್ತ ಮೀನಿನ ಮಿದುಳೂ ‘ಕೆಲಸ ಮಾಡುತ್ತಿದೆ’ ಅಂತ ಬಂತು. ಲೆಕ್ಕ ಸರಿ ಮಾಡಿದರೆ ಮಾಯ. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು.

ಬ್ರೇನ್ ಮ್ಯಾಪಿಂಗ್ ಅಂದರೆ ಬಹುಶಃ ಇಇಜಿಗೆ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆ) ಬಣ್ಣ ಹಚ್ಚಿದ್ದು. ಮೂರ್ಛೆರೋಗ ನೋಡೋಕೆ ಇಇಜಿ ಬೇಕೇ ಬೇಕು. ಅದರಿಂದ ‘ನಿಮಗೆ ಜಿಎಡಿ ಇದೆ, ಇಲ್ಲ’ ಅಂತ ಹೇಳೋಕೆ ಆಗುವುದಿಲ್ಲ. ₹12,000 ಜೇಬಲ್ಲೇ ಇರಲಿ.

ಧನಾತ್ಮಕ ಚಿಂತನೆ

ಇಷ್ಟೆಲ್ಲ ಯಾಕೆ? ಬೆಳಿಗ್ಗೆ ಬೇಗ ಏಳಿ, ಪ್ರಾಣಾಯಾಮ ಮಾಡಿ, ಯೋಚನೆ ಬಿಡಿ. ಎಲ್ಲಾ ತಾನಾಗೇ ಸರಿ ಹೋಗುತ್ತೆ.

ನಿವೃತ್ತ ಕ್ಯಾಷಿಯರ್

ಯೋಚನೆ ಬಿಡಿ ಅಂತ ನನಗೆ ಮೂವತ್ತು ವರ್ಷದಿಂದ ಹೇಳುತ್ತಿದ್ದಾರೆ. ಎಲ್ಲಿ ಬಿಡಬೇಕು ಅಂತ ಮಾತ್ರ ಯಾರೂ ಹೇಳಿಲ್ಲ.

ನಾನು ಬ್ಯಾಂಕಿನಲ್ಲಿದ್ದಾಗ ಸಂಜೆ ಕ್ಯಾಷ್ ಟ್ಯಾಲಿ ಆಗಿ, ಸೇಫ್ ಮುಚ್ಚಿ, ಎರಡು ಕೀ ಹಾಕಿ ಮನೆಗೆ ಬಂದಮೇಲೂ ಎದೆ ಢವಢವ ಅನ್ನುತ್ತಿತ್ತು. ಗ್ಯಾಸ್ ಅಂದರು. ಗ್ಯಾಸಿನ ಮಾತ್ರೆ ತಿಂದೆ. ಹಾರ್ಟ್ ಇರಬಹುದು ಅಂದರು. ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲಾ ಆಯಿತು, ಎಲ್ಲಾ ನಾರ್ಮಲ್. ಕೊನೆಗೆ ಡಾಕ್ಟರು ‘ಏನೂ ಇಲ್ಲ, ಆರಾಮಾಗಿರಿ’ ಅಂದರು. ಢವಢವ ಇರೋದು ನನಗೆ ಕೇಳಿಸುತ್ತಿದೆ ಕಣಪ್ಪ, ಏನೂ ಇಲ್ಲ ಅಂದರೆ ಹೇಗೆ? ತಂಗಿ, ನಿನಗೆ ಗೊತ್ತಿದ್ದರೆ ಹೇಳಮ್ಮ. ಆ ಬಡಿತ ನಿಜವೋ, ನಾನೇ ಕಲ್ಪಿಸಿಕೊಂಡಿದ್ದೋ?

ಸ್ಕ್ಯಾನ್ ರೂಮಿನವಳು

ಸರ್, ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ಅಧ್ಯಯನ ನನಗೆ ತುಂಬ ಇಷ್ಟ. ಅಮೆರಿಕದ ಟಲ್ಸಾದಲ್ಲಿರುವ ಲಾರಿಯೇಟ್ ಮಿದುಳು ಸಂಶೋಧನಾ ಸಂಸ್ಥೆಯಲ್ಲಿ ಸಾಹಿಬ್ ಖಾಲ್ಸಾ ಅವರ ತಂಡ ಮಾಡಿದ್ದು, 2022ರಲ್ಲಿ ಬಂತು. ಜಿಎಡಿ ಇರುವ 29 ಹೆಂಗಸರು, ಇಲ್ಲದ 29 ಹೆಂಗಸರು. ಸ್ಕ್ಯಾನರ್ ಒಳಗೆ ಮಲಗಿಸಿ, ನರಕ್ಕೆ ಐಸೊಪ್ರೊಟೆರಿನಾಲ್ ಅನ್ನುವ ಔಷಧ ಬಿಟ್ಟರು. ಇದು ಅಡ್ರಿನಲಿನ್ ಥರ ಹೃದಯದ ಬಡಿತ ಏರಿಸುತ್ತದೆ. ಕೆಲವು ಸಲ ಬರೀ ಸಲೈನ್, ಕೆಲವು ಸಲ 0.5 ಮೈಕ್ರೋಗ್ರಾಂ, ಕೆಲವು ಸಲ 2 ಮೈಕ್ರೋಗ್ರಾಂ. ಯಾವಾಗ ಯಾವುದು ಅಂತ ಮಲಗಿದವರಿಗೆ ಗೊತ್ತಿಲ್ಲ. ಬಡಿತ ಎಷ್ಟು ಜೋರಾಗಿದೆ ಅನ್ನಿಸುತ್ತದೋ ಅಷ್ಟು ಡಯಲ್ ತಿರುಗಿಸುತ್ತಿರಬೇಕು.

2 ಮೈಕ್ರೋಗ್ರಾಂ ಕೊಟ್ಟಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಷ್ಟು ಕೊಟ್ಟರೆ ಯಾರ ಎದೆಯಾದರೂ ಹೊಡೆದುಕೊಳ್ಳುತ್ತದೆ. ವ್ಯತ್ಯಾಸ ಬಂದದ್ದು 0.5ರಲ್ಲಿ. ಆ ಸಣ್ಣ ಡೋಸಿಗೇ ಜಿಎಡಿ ಇರುವವರ ಹೃದಯ ನಿಜವಾಗಿ ಜಾಸ್ತಿ ಬಡಿಯಿತು. ಮಷೀನ್ ಅಳೆದ ಬಡಿತ ಸರ್, ಅವರು ಬಾಯಲ್ಲಿ ಹೇಳಿದ್ದಲ್ಲ. ಅವರಿಗೆ ಅದು ಹೆಚ್ಚು ಜೋರಾಗಿಯೂ ಅನ್ನಿಸಿತು, ಆತಂಕವೂ ಏರಿತು. ಅದೇ ಹೊತ್ತಿಗೆ ಹಣೆಯ ಹಿಂದೆ, ನಡುವೆ, ಕೆಳಗಡೆ ಇರುವ ವೆಂಟ್ರೋಮೀಡಿಯಲ್ ಪ್ರೀಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ಚಟುವಟಿಕೆ ಇನ್ನೊಂದು ಗುಂಪಿಗಿಂತ ಕಡಿಮೆ ಇತ್ತು. ಒಳಗಿಂದ ಬರುವ ಸಂಕೇತವನ್ನು ತೂಗಿ ನೋಡಿ, ದೇಹವನ್ನು ತಣ್ಣಗೆ ಮಾಡುವುದರಲ್ಲಿ ಆ ಜಾಗಕ್ಕೆ ಪಾತ್ರ ಇದೆ.

ಅಂದರೆ ನಿಮ್ಮ ಢವಢವ ಕಲ್ಪನೆ ಆಗಿರಲೇಬೇಕು ಅಂತಿಲ್ಲ. ಪರೀಕ್ಷೆಗಳೆಲ್ಲ ನಾರ್ಮಲ್ ಅಂದರೆ ಅವುಗಳಲ್ಲಿ ಹೃದಯದ ತೊಂದರೆ ಕಾಣಲಿಲ್ಲ ಅಂತ. ಬಡಿತ ಏರಲಿಲ್ಲ ಅಂತ ಅರ್ಥ ಅಲ್ಲ. ‘ಏನೂ ಇಲ್ಲ’ ಅನ್ನುವ ಮಾತು ನನಗೆ ಅದಕ್ಕೇ ಸರಿ ಬರುವುದಿಲ್ಲ.

ನಿವೃತ್ತ ಕ್ಯಾಷಿಯರ್

ನಮ್ಮ ಮನೆಯವಳಿಗೆ ಓದಿ ಹೇಳಿದೆ. ‘ಹಾಗಾದರೆ ಕಾಫಿ ಕಮ್ಮಿ ಮಾಡಿ’ ಅಂದಳು.

ಕೌನ್ಸೆಲಿಂಗ್ ಅಕ್ಕ

ಅಮ್ಮ ಹೇಳಿದ್ದು ಸರಿ ಸರ್. ಕೆಫೀನ್ ಸಣ್ಣ ತಳ್ಳು ಕೊಡುತ್ತದೆ, ಅದು ನಮ್ಮಲ್ಲಿ ಕೆಲವರಿಗೆ ಜಾಸ್ತಿಯೇ ತಾಗುತ್ತದೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಲೆಕ್ಕಿಗರಿಗೆ ಒಂದು ಮಾತು. ಡಾಕ್ಟರು ಮಾತಾಡಿಸಿ ಜಿಎಡಿ ಅಂದದ್ದು ಅರೆಬರೆ ಕೆಲಸ ಅಲ್ಲ. ಸದ್ಯಕ್ಕೆ ಇದನ್ನು ಗುರುತಿಸುವ ದಾರಿಯೇ ಅದು. ಆರು ತಿಂಗಳಾದರೂ, ಹೆಚ್ಚಿನ ದಿನ, ಹಿಡಿತಕ್ಕೆ ಸಿಗದ ಚಿಂತೆ ಇರಬೇಕು. ಜೊತೆಗೆ ಚಡಪಡಿಕೆ, ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ರೆ ಕೆಡುವುದು, ಇವುಗಳಲ್ಲಿ ಮೂರಾದರೂ ಇರಬೇಕು. ಥೈರಾಯ್ಡ್ ಥರದ್ದನ್ನು ರಕ್ತಪರೀಕ್ಷೆಯಲ್ಲಿ ನೋಡಿ ಪಕ್ಕಕ್ಕಿಡಬೇಕು. ಜಿಎಡಿ-7 ಅಂತ ಏಳು ಪ್ರಶ್ನೆಯ ಒಂದು ಹಾಳೆ ಇದೆ, 2006ರಲ್ಲಿ ಬಂದದ್ದು, ಕನ್ನಡದಲ್ಲೂ ಸಿಗುತ್ತದೆ. ಒಟ್ಟು 21 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ತೋರಿಸಿಕೊಳ್ಳಿ ಅನ್ನುತ್ತೇವೆ. ನಿಮ್ಮ ಭಾವಮೈದುನನ ಮುಖಕ್ಕೆ ಹಿಡಿಯೋಕೆ ಅದೇ ಸಾಕು. ಬೇಕಾದರೆ ಅವನ ಕೈಲೂ ತುಂಬಿಸಿ.

ಧನಾತ್ಮಕ ಚಿಂತನೆ ಅವರೇ, ಪ್ರಾಣಾಯಾಮದ ಮೇಲೆ ನನ್ನ ತಕರಾರು ಇಲ್ಲ. ಉಸಿರು ನಿಧಾನ ಮಾಡಿದರೆ ತುಂಬ ಜನರಿಗೆ ಹಿತ. ‘ಯೋಚನೆ ಬಿಡಿ’ ಅನ್ನುವುದರ ಮೇಲೆ ತಕರಾರು. ಚಿಂತೆ ಸುಮ್ನೆ ಬಂದು ಕೂರುವ ಅತಿಥಿ ಅಲ್ಲ. ಅದು ಏನೋ ಕೆಲಸ ಮಾಡಿಕೊಡುತ್ತಿದೆ, ಅದಕ್ಕೇ ಬಿಡೋಕೆ ಆಗುವುದಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ಈ ವಿಷಯಕ್ಕೇ ದಶಕಗಟ್ಟಲೆ ಕೆಲಸ ಮಾಡಿದರು. ಚಿಂತೆ ಹೆಚ್ಚಾಗಿ ಮಾತಿನ ರೂಪದಲ್ಲಿರುತ್ತದೆ, ಚಿತ್ರದ ರೂಪದಲ್ಲಿ ಕಡಿಮೆ ಅಂತ ಅವರು ಕಂಡರು. ಭಾಷಣ ಅಂದರೆ ಹೆದರುವವರಿಗೆ ಮೊದಲು ಚೆನ್ನಾಗಿ ಚಿಂತೆ ಮಾಡಿಸಿ, ಆಮೇಲೆ ಭಾಷಣದ ದೃಶ್ಯ ಕಲ್ಪಿಸಿಕೊಳ್ಳಲು ಹೇಳಿದರು. ಹೃದಯದ ಬಡಿತ ಏರಬೇಕಾದಷ್ಟು ಏರಲಿಲ್ಲ. ‘ಹಾಗಾದರೆ? ಹೀಗಾದರೆ?’ ಅಂತ ಮನಸ್ಸಿನಲ್ಲಿ ಮಾತಾಡುತ್ತಿದ್ದರೆ ನಿಜವಾದ ಭಯದ ಚಿತ್ರ ಎದುರಿಗೆ ಬರದಂತೆ ತಡೆಯಬಹುದು. ತಕ್ಷಣಕ್ಕೆ ಲಾಭ. ಆದರೆ ಭಯವನ್ನು ಎದುರಿಸಿ ಕರಗಿಸುವ ಅವಕಾಶ ಹೋಯಿತು.

ಸ್ಕ್ಯಾನ್ ರೂಮಿನವಳು

ಅಕ್ಕ, ಇಲ್ಲಿ ನಾನು ಸ್ವಲ್ಪ ಜಗಳ ತೆಗೆಯುತ್ತೇನೆ. ಚಿಂತೆ ದೇಹವನ್ನು ತಣ್ಣಗಿಡುತ್ತದೆ ಅಂದರೆ ಲೆಕ್ಕಿಗರ ಕತ್ತು ಯಾಕೆ ಬಿಗಿ? ರಾತ್ರಿ ಯಾಕೆ ಎಚ್ಚರ?

ಕೌನ್ಸೆಲಿಂಗ್ ಅಕ್ಕ

ಒಳ್ಳೆ ಪ್ರಶ್ನೆ. ಅದೇ ಪೆನ್ ಸ್ಟೇಟ್‌ನಲ್ಲಿ ಮಿಷೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ 2011ರಲ್ಲಿ ಇದನ್ನೇ ಎತ್ತಿದರು. ಅವರು ಹೇಳುವುದು, ಚಿಂತೆ ದೇಹವನ್ನು ತಣ್ಣಗಿಡುವುದಿಲ್ಲ, ಮೊದಲೇ ಬಿಸಿ ಮಾಡಿ ಇಟ್ಟುಬಿಡುತ್ತದೆ. ಮೊದಲೇ ಏರಿರುವುದರಿಂದ ಕೆಟ್ಟ ಸುದ್ದಿ ಬಂದಾಗ ಇನ್ನೂ ಏರೋಕೆ ಜಾಗ ಇರುವುದಿಲ್ಲ, ಅಷ್ಟೇ. ನೆಮ್ಮದಿಯಿಂದ ಇದ್ದು ದಿಢೀರ್ ಅಂತ ಪೆಟ್ಟು ತಿನ್ನುವುದಕ್ಕಿಂತ, ಯಾವಾಗಲೂ ಅರ್ಧ ಪೆಟ್ಟು ತಿಂದುಕೊಂಡೇ ಇರುವುದು ಈ ಜನಕ್ಕೆ ಮೇಲು ಅನ್ನಿಸುತ್ತದೆ. ನನ್ನ ಹತ್ತಿರ ಬರುವವರು ‘ಖುಷಿಯಾಗಿದ್ದರೆ ಏನೋ ಆಗುತ್ತೆ ಮೇಡಂ’ ಅಂತ ಅದನ್ನೇ ಹೇಳುತ್ತಾರೆ. ಬೋರ್ಕೊವೆಕ್‌ಗಿಂತ ಇದೇ ನನಗೆ ಸರಿ ಅನ್ನಿಸುವುದು.

ಹುಬ್ಬಳ್ಳಿ ಲೆಕ್ಕಿಗ

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮಗಳ ಹುಟ್ಟುಹಬ್ಬದ ದಿನವೂ ಕೇಕ್ ಕತ್ತರಿಸುವಾಗ ವ್ಯಾನ್ ಬಗ್ಗೆಯೇ ಯೋಚಿಸುತ್ತಿದ್ದೆ.

ಹಾಗಾದರೆ ಏನೂ ಆಗದೆ ಇರುವಾಗಲೂ ಮಿದುಳು ಕೆಲಸ ಮಾಡುತ್ತಿರುತ್ತದೆ ಅಂತಾಯಿತು. ಅದು ಸ್ಕ್ಯಾನಿನಲ್ಲಿ ಸಿಕ್ಕಿದೆಯಾ?

ಸ್ಕ್ಯಾನ್ ರೂಮಿನವಳು

ಗುಂಪಿನಲ್ಲಿ ಸಿಕ್ಕಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾಕ್ ನಿಟ್ಷ್ಕೆ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದರು. ಪರದೆಯ ಮೇಲೆ ಮೈನಸ್ ಚಿಹ್ನೆ ಬಂದರೆ, ಕೆಲವು ಸೆಕೆಂಡಿನಲ್ಲಿ ಭಯಾನಕ ಚಿತ್ರ ಬರುತ್ತದೆ. ವೃತ್ತ ಬಂದರೆ ಸಾಧಾರಣ ಚಿತ್ರ ಬರುತ್ತದೆ. ಜಿಎಡಿ ಇರುವವರು, ಇಲ್ಲದವರು, ಎರಡೂ ಗುಂಪಿಗೆ ಇದು ಮೊದಲೇ ಗೊತ್ತು. ಜಿಎಡಿ ಇರುವವರಲ್ಲಿ ಚಿತ್ರ ಬರುವ ಮೊದಲೇ, ಬರೀ ಕಾಯುವ ಹೊತ್ತಿನಲ್ಲೇ, ಅಮಿಗ್ಡಲ ಜಾಸ್ತಿ ಚುರುಕಾಯಿತು. ಅಮಿಗ್ಡಲ ಅಂದರೆ ಕಿವಿಯ ಒಳಭಾಗಕ್ಕೆ ಸ್ವಲ್ಪ ಮುಂದೆ, ಮಿದುಳಿನ ಎರಡೂ ಕಡೆ, ಒಂದೆರಡು ಸೆಂಟಿಮೀಟರ್‌ನಷ್ಟು ಇರುವ ನರಕೋಶಗಳ ಗುಂಪು. ಮಜಾ ಏನೆಂದರೆ ವೃತ್ತ ಬಂದಾಗಲೂ ಹಾಗೇ ಆಯಿತು. ಮುಂದೆ ಬರುವುದು ಸಾಧಾರಣ ಚಿತ್ರ ಅಂತ ಖಾತ್ರಿ ಇದ್ದಾಗಲೂ.

ಆ ರೋಗಿಗಳಿಗೆ ಆಮೇಲೆ ಎಂಟು ವಾರ ವೆನ್ಲಾಫಾಕ್ಸಿನ್ ಮಾತ್ರೆ ಕೊಟ್ಟರು. ಮೊದಲ ಸ್ಕ್ಯಾನಿನಲ್ಲಿ ಮಿದುಳಿನ ನಡುಭಾಗದಲ್ಲಿರುವ ಸಿಂಗ್ಯುಲೇಟ್ ಕಾರ್ಟೆಕ್ಸ್‌ನ ಮುಂಭಾಗ ಯಾರಲ್ಲಿ ಹೆಚ್ಚು ಕೆಲಸ ಮಾಡುತ್ತಿತ್ತೋ ಅವರಿಗೆ ಮಾತ್ರೆ ಚೆನ್ನಾಗಿ ಹಿಡಿಯಿತು. ಸ್ಟ್ಯಾನ್‌ಫರ್ಡ್‌ನ ಅಮಿತ್ ಎಟ್ಕಿನ್ ಅವರ 2010ರ ಅಧ್ಯಯನವೂ ಇದೇ ಜಾಗದ ಕಡೆ ಬೆರಳು ಮಾಡುತ್ತದೆ. ಅಲ್ಲಿ ಹೆದರಿದ ಮುಖದ ಮೇಲೆ ‘ಖುಷಿ’ ಅಂತ ಬರೆದಿರುತ್ತಾರೆ, ನಗುವ ಮುಖದ ಮೇಲೆ ‘ಭಯ’ ಅಂತ. ಬರಹ ಬಿಟ್ಟು ಮುಖ ನೋಡಿ ಹೇಳಬೇಕು. ಒಂದು ಸಲ ಗೊಂದಲ ಆದಮೇಲೆ ಎರಡನೆಯದಕ್ಕೆ ಸಾಮಾನ್ಯ ಮಿದುಳು ತಾನಾಗೇ ಹೊಂದಿಕೊಳ್ಳುತ್ತದೆ. ಸಿಂಗ್ಯುಲೇಟ್ ಮುಂಭಾಗ ಎದ್ದು, ಅಮಿಗ್ಡಲ ತಗ್ಗುತ್ತದೆ. ಜಿಎಡಿ ಗುಂಪಿನಲ್ಲಿ ಆ ಹೊಂದಾಣಿಕೆ ಆಗಲಿಲ್ಲ. ಇದು ಬೇಕೆಂದು ಮಾಡುವ ಕೆಲಸ ಅಲ್ಲ, ಗಮನಿಸಿ. ‘ಮನಸ್ಸು ಗಟ್ಟಿ ಮಾಡ್ಕೊ’ ಅನ್ನುವವರಿಗೆ ಇದನ್ನು ಹೇಳಿ.

ಪೂರ್ತಿ ಚಿತ್ರ ಇಷ್ಟು ಅಚ್ಚುಕಟ್ಟಾಗಿಲ್ಲ. ಹೆದರಿದ ಮುಖ ತೋರಿಸಿದ ಕೆಲವು ಅಧ್ಯಯನಗಳಲ್ಲಿ ದೊಡ್ಡವರ ಅಮಿಗ್ಡಲದಲ್ಲಿ ವ್ಯತ್ಯಾಸವೇ ಕಂಡಿಲ್ಲ. ಗುಂಪುಗಳು ಚಿಕ್ಕವು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಇನ್ನೊಂದು ತೋರಿಸಿದರು. ಒಬ್ಬರನ್ನೇ ಬೇರೆ ಬೇರೆ ದಿನ ಅದೇ ಕೆಲಸ ಮಾಡಿಸಿ ಸ್ಕ್ಯಾನ್ ಮಾಡಿದರೆ ಎರಡರ ಫಲಿತಾಂಶ ಅಷ್ಟಾಗಿ ಹೊಂದುವುದಿಲ್ಲ. ಅದಕ್ಕೇ ನಾನು ಒಬ್ಬೊಬ್ಬರ ಸ್ಕ್ಯಾನ್ ಮಾರುವವರನ್ನು ನಂಬುವುದಿಲ್ಲ.

ಅರಸೀಕೆರೆ ಜಂಕ್ಷನ್

ಎಲ್ಲಾ ಆ ಅಮಿಗ್ಡಲದ್ದೇ ಕಿತಾಪತಿ ಅನ್ನೋದಾದರೆ ಆಪರೇಷನ್ ಮಾಡಿ ತೆಗೆದುಬಿಟ್ಟರೆ ಆಯ್ತಲ್ವಾ ಮೇಡಂ?

ಸ್ಕ್ಯಾನ್ ರೂಮಿನವಳು

ಕಾಯಿಲೆಯೇ ಅದನ್ನು ತಿಂದುಹಾಕಿದ ಒಬ್ಬರಿದ್ದಾರೆ. ಸಂಶೋಧನೆಯಲ್ಲಿ ಅವರನ್ನು ಎಸ್‌ಎಂ ಅಂತ ಮಾತ್ರ ಕರೆಯುತ್ತಾರೆ. ಉರ್ಬಾಕ್-ವೀತೆ ಅನ್ನುವ ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲ ಹಾಳಾಗಿದೆ. ಅಯೋವಾ ವಿಶ್ವವಿದ್ಯಾಲಯದವರು ಅವರಿಗೆ ಹಾವು, ಜೇಡ, ಭೂತದ ಬಂಗಲೆ ಎಲ್ಲಾ ತೋರಿಸಿದರು. ಹೆದರಲಿಲ್ಲ. ಹಾವನ್ನು ಕೈಯಲ್ಲಿ ಹಿಡಿದು ನಾಲಿಗೆ ಮುಟ್ಟಿದರು. ಜೀವನದಲ್ಲಿ ಚಾಕು, ಬಂದೂಕು ತೋರಿಸಿ ಬೆದರಿಸಿದವರ ಎದುರಿಗೂ ಭಯ ಆಗಲಿಲ್ಲವಂತೆ. ಇದು ವರ ಅಲ್ಲ. ಅಪಾಯದ ಹತ್ತಿರ ಹೋಗಬಾರದು ಅನ್ನುವ ಎಚ್ಚರಿಕೆಯೇ ಒಳಗಿಂದ ಬರುವುದಿಲ್ಲ.

2013ರಲ್ಲಿ ಅವರಿಗೂ, ಇಂಥದ್ದೇ ಹಾನಿ ಇದ್ದ ಅವಳಿ ಸೋದರಿಯರಿಬ್ಬರಿಗೂ 35% ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಉಸಿರು ಕೊಟ್ಟರು. ಮೂವರಿಗೂ ಪ್ಯಾನಿಕ್ ಆಯಿತು. ಹೊರಗಿನ ಹಾವಿಗೆ ಅಮಿಗ್ಡಲ ಬೇಕು, ಒಳಗೆ ಉಸಿರುಗಟ್ಟಿದರೆ ಭಯಪಡಲು ಅದು ಇಲ್ಲದಿದ್ದರೂ ನಡೆಯುತ್ತದೆ. ಹಾಗಾಗಿ ಒಂದೇ ಜಾಗವನ್ನು ಹಿಡಿದು ಬೈಯುವುದರಲ್ಲಿ ಅರ್ಥ ಇಲ್ಲ.

ಬೆಂಗಳೂರಿನವರಾದರೆ ನಿಮ್ಹಾನ್ಸ್‌ನ ಬ್ರೇನ್ ಮ್ಯೂಸಿಯಂ ನೋಡಿಬನ್ನಿ. ಫಾರ್ಮಲಿನ್ ಜಾಡಿಗಳಲ್ಲಿ ಅಡ್ಡ ಕತ್ತರಿಸಿದ ಮಿದುಳಿನ ಹೋಳುಗಳಿವೆ. ಅಮಿಗ್ಡಲ ಎಲ್ಲಿ ಅಂತ ಹುಡುಕಿದರೆ ಮಂಕಾದ ಬೂದು ಕಲೆ, ಅಕ್ಕಪಕ್ಕದಿಂದ ಬೇರೆ ಮಾಡಿ ನೋಡುವುದೇ ಕಷ್ಟ. ನೆಟ್‌ನ ಕೆಂಪು ಚಿತ್ರ ನೋಡಿ ಹೋದವರಿಗೆ ನಿರಾಸೆ ಖಂಡಿತ.

ನಿವೃತ್ತ ಕ್ಯಾಷಿಯರ್

ಒಂದು ಕೇಳಲೇ? ಸೇಫ್ ಕೀ ಹಾಕಿದ್ದು ಗೊತ್ತಿದ್ದೂ ವಾಪಸ್ ಹೋಗಿ ಎಳೆದು ನೋಡುತ್ತಿದ್ದೆ. ಅದಕ್ಕೂ ಮಿದುಳಲ್ಲಿ ಏನಾದರೂ ಇದೆಯಾ?

ಸ್ಕ್ಯಾನ್ ರೂಮಿನವಳು

ಇದಕ್ಕೆ ಇಇಜಿ ಬೇಕು ಸರ್, ಎಂಆರ್‌ಐ ತುಂಬ ನಿಧಾನ. ಪರದೆಯ ಮೇಲೆ ಐದು ಬಾಣ ಬರುತ್ತವೆ, ನಡುವಿನದು ಯಾವ ಕಡೆ ಇದೆಯೋ ಆ ಬಟನ್ ಒತ್ತಬೇಕು. ಅವಸರದಲ್ಲಿ ತಪ್ಪು ಒತ್ತಿದಿರಿ ಅಂತಿಟ್ಟುಕೊಳ್ಳಿ. ಒತ್ತಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ನಡುನೆತ್ತಿಯ ಹತ್ತಿರ ಒಂದು ಋಣ (ನೆಗೆಟಿವ್) ವಿದ್ಯುತ್ ಅಲೆ ಏಳುತ್ತದೆ. ‘ಅಯ್ಯೋ ತಪ್ಪಾಯ್ತು’ ಅಂತ ನೀವು ಅಂದುಕೊಳ್ಳುವುದಕ್ಕೂ ಮೊದಲೇ. ಜಿಎಡಿ ಇರುವವರಲ್ಲಿ ಈ ಅಲೆ ದೊಡ್ಡದು ಅಂತ 2010ರಲ್ಲಿ ಅನ್ನಾ ವೈನ್‌ಬರ್ಗ್, ಗ್ರೆಗ್ ಹಾಜ್‌ಕಾಕ್ ಮತ್ತು ಜೊತೆಯವರು ತೋರಿಸಿದರು. ಅವರು ಬೇರೆಯವರಿಗಿಂತ ಜಾಸ್ತಿ ತಪ್ಪು ಮಾಡುತ್ತಾರೆ ಅಂತಲ್ಲ. ಮಾಡಿದ ತಪ್ಪು ಮಿದುಳಿಗೆ ಜೋರಾಗಿ ತಾಗುತ್ತದೆ. ಸೇಫಿನ ಕೀಗೂ ಬಟನ್ನಿಗೂ ನೇರ ಗಂಟು ಹಾಕುವುದು ಬೇಡ, ಆದರೆ ಒಂದೇ ಓಣಿಯ ವಿಷಯ.

ಹುಬ್ಬಳ್ಳಿ ಲೆಕ್ಕಿಗ

ಮ್ಯಾಪಿಂಗ್ ಕ್ಯಾನ್ಸಲ್ ಮಾಡಿದೆ. ಫೋನ್ ಮಾಡಿದಾಗ ಅವರು ₹8,000ಕ್ಕೆ ಇಳಿಸಿದರು, ಆಗಲೇ ಗೊತ್ತಾಯಿತು.

ಮಾತ್ರೆ ಎಸ್ಸಿಟಲೊಪ್ರಾಮ್. ತೊಗೊಂಡರೆ ಜೀವನಪೂರ್ತಿ ಅಂಟಿಕೊಳ್ಳುತ್ತದೆ ಅಂತ ಭಾವಮೈದುನ ಹೆದರಿಸಿದ್ದಾನೆ.

ಕೌನ್ಸೆಲಿಂಗ್ ಅಕ್ಕ

ಮಾತ್ರೆಯ ಬಗ್ಗೆ ಕೊನೆ ಮಾತು ನಿಮ್ಮ ಡಾಕ್ಟರದ್ದು. ಎಲ್ಲರಿಗೂ ಅನ್ವಯಿಸುವಷ್ಟು ಹೇಳುತ್ತೇನೆ. ಅಂಟಿಕೊಳ್ಳುವ ಭಯ ಹೆಚ್ಚಾಗಿ ಅಲ್ಪ್ರಾಜೊಲಾಮ್, ಕ್ಲೊನಾಜೆಪಾಮ್ ಗುಂಪಿನದು. ಅವು ಮಿದುಳಿನ ಚಟುವಟಿಕೆ ತಗ್ಗಿಸುವ ಗಾಬಾ ಅನ್ನುವ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತವೆ, ಗಂಟೆಯೊಳಗೆ ಹಿತ ಅನ್ನಿಸುತ್ತದೆ. ಅದಕ್ಕೇ ಬಿಡೋದು ಕಷ್ಟ. ಎಸ್ಸಿಟಲೊಪ್ರಾಮ್ ಬೇರೆ ಗುಂಪು. ಪೂರ್ತಿ ಗುಣ ಕಾಣೋಕೆ ನಾಲ್ಕರಿಂದ ಆರು ವಾರವಾದರೂ ಬೇಕು. ಮೊದಲ ಒಂದೆರಡು ವಾರ ಕೆಲವರಿಗೆ ಚಡಪಡಿಕೆ, ಹೊಟ್ಟೆ ತೊಳೆಸುವುದು ಜಾಸ್ತಿಯೇ ಆಗುತ್ತದೆ. ಅಲ್ಲೇ ತುಂಬ ಜನ ‘ಇದು ನನಗಾಗಲ್ಲ’ ಅಂತ ಎಸೆಯೋದು. ಎಸೆಯುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಹೊಂದಿಸುತ್ತಾರೆ. ಎಷ್ಟೇ ಆರಾಮ ಅನ್ನಿಸಿದರೂ ದಿಢೀರ್ ನಿಲ್ಲಿಸಬೇಡಿ, ನಿಧಾನಕ್ಕೆ ಇಳಿಸಬೇಕು. ಜೊತೆಗೆ ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ) ಮಾಡಿಸುವವರು ಸಿಕ್ಕರೆ ಕೇಳಿ. ಮಾತ್ರೆಯಷ್ಟೇ ಗಟ್ಟಿ ಆಧಾರ ಅದಕ್ಕೂ ಇದೆ.

ಚಳ್ಳಕೆರೆ ಹುಡುಗಿ

ಎಲ್ಲಾ ಓದಿದೆ ಅಕ್ಕ. ನಮ್ಮಣ್ಣನೂ ಡಿಟ್ಟೋ ಹೀಗೇ. ಇಲ್ಲಿ ಮನೋವೈದ್ಯರ ಹತ್ತಿರ ಹೋದರೆ ಊರೆಲ್ಲಾ ಗೊತ್ತಾಗುತ್ತೆ ಅಂತ ಹೆದರುತ್ತಾನೆ. ಏನು ಮಾಡಲಿ?

ಕೌನ್ಸೆಲಿಂಗ್ ಅಕ್ಕ

ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿಸಮ್ಮ. ನಂಬರ್ 14416. ಕೇಂದ್ರ ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, 2022ರಿಂದ ನಡೆಯುತ್ತಿದೆ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮುಂದಿನವರಿಗೆ ಕೊಡುತ್ತಾರೆ.

ಚಳ್ಳಕೆರೆ ಹುಡುಗಿ

ಕನ್ನಡದಲ್ಲಿ ಮಾತಾಡಬಹುದಾ? ಅವನಿಗೆ ಇಂಗ್ಲಿಷ್ ಅಂದರೆ ಅದಕ್ಕೊಂದು ಟೆನ್ಷನ್.

ಕೌನ್ಸೆಲಿಂಗ್ ಅಕ್ಕ

ಆಗುತ್ತೆ. ಫೋನ್ ಎತ್ತಿದ ಕೂಡಲೇ ಭಾಷೆ ಕೇಳುತ್ತದೆ, ಕನ್ನಡ ಒತ್ತಲು ಹೇಳು. ಮೊದಲ ಸಲ ನೀನು ಪಕ್ಕದಲ್ಲಿ ಕೂತ್ಕೊ.